ಗಾಡಿಗಳ ಸದ್ದು ಯಾರಿಗೆ ಅಭ್ಯಾಸವಾಗಿದೆ?

ರಕ್ತದೊತ್ತಡಕ್ಕೆ ಮಾತ್ರೆ ಬರೆಯುವ ಮೊದಲು ನಿದ್ರೆಯ ವಿಚಾರ ಕೇಳುವುದು ನನ್ನ ವಾಡಿಕೆ. ಹಾಸಿಗೆ ಯಾವ ಕೋಣೆಯಲ್ಲಿದೆ, ಅದರ ಕಿಟಕಿ ಯಾವ ಕಡೆಗೆ ತೆರೆಯುತ್ತದೆ, ರಾತ್ರಿ ಕೆಳಗಿನ ರಸ್ತೆಯಲ್ಲಿ ಏನೇನು ಓಡಾಡುತ್ತದೆ ಎಂದು ಕೇಳಿದ ಕೂಡಲೇ ಸಯನ್, ಕುರ್ಲಾ, ಚೆಂಬೂರು ಕಡೆಯಿಂದ ಬರುವ ನಮ್ಮವರು ನಗುತ್ತಾರೆ. “ಡಾಕ್ಟ್ರೇ, ಮುಂಬಯಿಗೆ ಬಂದು ಎಷ್ಟು ವರ್ಷವಾಯಿತು! ಗಾಡಿಗಳ ಸದ್ದು ನಮಗೆ ಅಭ್ಯಾಸವಾಗಿ ಹೋಗಿದೆ, ಊರಿಗೆ ಹೋದರೇ ನಿದ್ದೆ ಬರುವುದಿಲ್ಲ” ಎನ್ನುತ್ತಾರೆ. ಕೆಲವರಂತೂ ಕಿವಿ ಪರೀಕ್ಷೆಯ ವರದಿಯನ್ನೇ ಮೇಜಿನ ಮೇಲಿಟ್ಟು, ಕಿವಿ ಸರಿಯಾಗಿದೆ, ಅಂದಮೇಲೆ ಸದ್ದಿನಿಂದ ಏನೂ ಕೆಟ್ಟಿಲ್ಲ ಎಂದು ವಾದಿಸುತ್ತಾರೆ.

ಆ ವರದಿಯ ಬಗ್ಗೆ ನನಗೆ ತಕರಾರಿಲ್ಲ. ಮನೆಯೊಳಗೆ ಬರುವ ರಸ್ತೆಯ ಸದ್ದು ಸಾಮಾನ್ಯವಾಗಿ ಕಿವಿಯನ್ನು ಕೆಡಿಸುವಷ್ಟು ಜೋರಾಗಿರುವುದಿಲ್ಲ. ನಾನು ಕೇಳುತ್ತಿರುವುದು ಹೃದಯ ಮತ್ತು ರಕ್ತನಾಳಗಳ ಸಲುವಾಗಿ.

ಅಭ್ಯಾಸದ ಮಾತಿನಲ್ಲಿ ಅರ್ಧ ಸತ್ಯವಿದೆ, ತೊಡಕಿರುವುದು ಅಲ್ಲೇ. ನಿದ್ರೆಯ ಪ್ರಯೋಗಾಲಯಗಳಲ್ಲಿ ಜನರನ್ನು ಮಲಗಿಸಿ ರಾತ್ರಿಯಿಡೀ ವಾಹನಗಳ ಸದ್ದು ಕೇಳಿಸಿದಾಗ, ಕೆಲವು ರಾತ್ರಿಗಳ ನಂತರ ಅವರು ಎಚ್ಚರಗೊಳ್ಳುವುದು ಕಡಿಮೆಯಾಗುತ್ತದೆ. ಬೆಳಿಗ್ಗೆ ಕೇಳಿದರೆ ಚೆನ್ನಾಗಿ ನಿದ್ದೆ ಬಂತು ಎಂದೇ ಹೇಳುತ್ತಾರೆ, ಸುಳ್ಳು ಹೇಳುವುದೂ ಇಲ್ಲ. ಆದರೆ ಅದೇ ರಾತ್ರಿಯ ಇಸಿಜಿ ತೆಗೆದು ನೋಡಿದರೆ, ಒಂದೊಂದು ವಾಹನ ಹಾದುಹೋದಾಗಲೂ ಹೃದಯಬಡಿತ ಏರಿ ಇಳಿದಿರುತ್ತದೆ, ಮತ್ತು ಆ ಏರಿಳಿತ ಮೊದಲ ರಾತ್ರಿ ಇದ್ದಂತೆಯೇ ಮುಂದಿನ ರಾತ್ರಿಗಳಲ್ಲೂ ಉಳಿದಿರುತ್ತದೆ. ಕಿವಿಗೆ ಕಣ್ಣಿನಂತೆ ರೆಪ್ಪೆಯಿಲ್ಲ. ನಿದ್ರೆಯಲ್ಲೂ ಸದ್ದು ಮಿದುಳಿಗೆ ತಲುಪುತ್ತದೆ, ಅಪಾಯವನ್ನು ಅಳೆಯುವ ಭಾಗಗಳು ಅದನ್ನು ಪರಿಶೀಲಿಸುತ್ತವೆ, ದೇಹವನ್ನು ಸಜ್ಜುಗೊಳಿಸುವ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ, ರಕ್ತನಾಳಗಳು ಬಿಗಿಯುತ್ತವೆ. ಸೊಸೈಟಿಯ ವಾಚ್‌ಮನ್ ನಡುರಾತ್ರಿ ಗೇಟಿಗೆ ಬಂದ ಪ್ರತಿಯೊಬ್ಬನಿಗಾಗಿ ನಿಮ್ಮನ್ನು ಎಬ್ಬಿಸುವುದಿಲ್ಲ ನಿಜ, ಆದರೆ ಪ್ರತಿ ಸಲವೂ ಅವನಂತೂ ಎದ್ದು ನಿಲ್ಲಲೇಬೇಕು.

ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಸುತ್ತಲಿನ ಮನೆಗಳಲ್ಲಿ, ಜನರು ತಮ್ಮದೇ ಹಾಸಿಗೆಯಲ್ಲಿ ಮಲಗಿದ್ದಾಗ ರಕ್ತದೊತ್ತಡ ಅಳೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ವಿಮಾನ ಹಾದುಹೋದ ವೇಳೆಯಲ್ಲಿ ಅವರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್) ಸುಮಾರು 6 ಮಿಲಿಮೀಟರಿನಷ್ಟು ಏರುತ್ತಿತ್ತು, ಎಚ್ಚರವೇ ಆಗದಿದ್ದರೂ ಸಹ. ಜರ್ಮನಿಯ ಮೈಂಜ್ ನಗರದ ವೈದ್ಯರು 2013ರಲ್ಲಿ ಆರೋಗ್ಯವಂತ ತರುಣರಿಗೆ ಮಲಗಿದ್ದಾಗ ವಿಮಾನಗಳ ಸದ್ದಿನ ಮುದ್ರಿಕೆ ಕೇಳಿಸಿ ನೋಡಿದಾಗ, ಬೆಳಗಾಗುವಷ್ಟರಲ್ಲಿ ರಕ್ತನಾಳಗಳ ಹಿಗ್ಗುವ ಶಕ್ತಿ ಕುಂದಿತ್ತು. ನನಗೆ ಮುಖ್ಯವೆನಿಸಿದ್ದು ಅದರ ಇನ್ನೊಂದು ಅಂಶ. ಮೊದಲೊಂದು ರಾತ್ರಿ ಕಡಿಮೆ ಸದ್ದನ್ನು ಕೇಳಿಸಿಕೊಂಡಿದ್ದವರಲ್ಲಿ, ಮುಂದೆ ಹೆಚ್ಚು ಸದ್ದಿನ ರಾತ್ರಿ ಬಂದಾಗ ಆ ಕುಂದು ಇನ್ನೂ ಹೆಚ್ಚಾಗಿ ಕಂಡಿತು. ರಕ್ತನಾಳಕ್ಕೆ ಅಭ್ಯಾಸವಾಗುವ ಲಕ್ಷಣ ಅಲ್ಲಿ ಕಾಣಲಿಲ್ಲ. ಇವೆರಡೂ ವಿಮಾನದ ಸದ್ದಿನವು, ರಸ್ತೆಗೆ ಹಾಗೆಯೇ ಅನ್ವಯಿಸುವಾಗ ಎಚ್ಚರಿಕೆ ಬೇಕು. ಆದರೂ ದೇಹ ಪ್ರತಿಕ್ರಿಯಿಸುವ ದಾರಿ ಒಂದೇ.

ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರು ನನ್ನಲ್ಲಿಗೆ ಬರುತ್ತಾರೆ. ಅವರ ಮೂರನೆಯ ಮಹಡಿಯ ಬೆಡ್‌ರೂಮಿನ ಕಿಟಕಿಯೂ ಫ್ಲೈಓವರಿನ ಕಟ್ಟೆಯೂ ಒಂದೇ ಎತ್ತರದಲ್ಲಿವೆ. “ಇವರಿಗೆ ಸಿಡಿಲು ಬಡಿದರೂ ಎಚ್ಚರ ಆಗುವುದಿಲ್ಲ” ಎಂದು ಅವರ ಹೆಂಡತಿ ಸಾಕ್ಷಿ ನುಡಿದರು. ನಾನು ಅವರ ತೋಳಿಗೆ ದಿನವಿಡೀ ರಕ್ತದೊತ್ತಡ ದಾಖಲಿಸುವ ಯಂತ್ರ ಕಟ್ಟಿ ಕಳಿಸಿದೆ. ನಿದ್ರೆಯಲ್ಲಿ ರಕ್ತದೊತ್ತಡ ಹಗಲಿಗಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು. ಅವರ ನಕ್ಷೆಯಲ್ಲಿ ರಾತ್ರಿಯ ಗೆರೆ ಹಗಲಿನ ಗೆರೆಯ ಮಟ್ಟದಲ್ಲೇ ಸಾಗಿತ್ತು. ಇದಕ್ಕೆ ಸದ್ದೇ ಕಾರಣವೆಂದು ನಾನು ಬರೆದುಕೊಡಲಾರೆ. ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೋಷಗಳಲ್ಲೂ ಹೀಗಾಗುತ್ತದೆ, ಅರ್ಧ ಗಂಟೆಗೊಮ್ಮೆ ಬಿಗಿಯುವ ಪಟ್ಟಿಯೂ ನಿದ್ರೆ ಕೆಡಿಸಬಲ್ಲದು. ಆದರೆ “ಚೆನ್ನಾಗಿ ನಿದ್ದೆ ಬರುತ್ತದೆ” ಎಂಬ ಅವರ ಮಾತನ್ನು ಪುರಾವೆಯಾಗಿ ಒಪ್ಪಿಕೊಳ್ಳುವುದನ್ನು ಮಾತ್ರ ಅಂದೇ ನಿಲ್ಲಿಸಿದೆ.

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆಂದು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮನೆಯ ಹೊರಗಿನ ರಸ್ತೆಯ ಸದ್ದು ರಾತ್ರಿ ಸರಾಸರಿ 45 ಡೆಸಿಬಲ್ ಮೀರಬಾರದು. ನಮ್ಮ ದೇಶದ 2000ನೇ ಇಸವಿಯ ನಿಯಮಗಳೂ ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿಯನ್ನು 45 ಎಂದೇ ಇಟ್ಟಿವೆ. ನಿಯಮ ನಮ್ಮಲ್ಲಿ ಕಾಗದದ ಮೇಲೆ ಯಾವಾಗಲೂ ಚೆನ್ನಾಗಿರುತ್ತದೆ. ಇಡೀ ದಿನದ ಸರಾಸರಿ 53 ಡೆಸಿಬಲ್ ದಾಟಿದ ಮೇಲೆ ಪ್ರತಿ 10 ಡೆಸಿಬಲ್‌ಗೆ ಹೃದಯದ ರಕ್ತನಾಳಗಳ ಕಾಯಿಲೆಯ ಸಂಭವ ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ ಎಂಬುದು ಅದೇ ಸಂಸ್ಥೆಯ ಲೆಕ್ಕ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣದು. ಬೀಡಿ ಸೇದುವವರು ಬೀಡಿ ಬಿಡದೆ ಕಿಟಕಿ ಬದಲಾಯಿಸಲು ಹೊರಟರೆ ನಾನು ಗದರಿಸುತ್ತೇನೆ. ಹೆದ್ದಾರಿಯ ಪಕ್ಕದಲ್ಲಿ ಲಕ್ಷಾಂತರ ಜನ ಮಲಗುವ ಊರಿನ ಮಟ್ಟಿಗೆ ಮಾತ್ರ ಅದೇ ಎಂಟು ಸಣ್ಣದಲ್ಲ.

ಕಟ್ಟಡ ಕಟ್ಟುವವರು ‘ರೋಡ್ ಫೇಸಿಂಗ್’ ಎಂದು ಹೆಚ್ಚು ಬೆಲೆ ಹೇಳುತ್ತಾರೆ, ನಾವು ಹೆಮ್ಮೆಯಿಂದ ಕೊಡುತ್ತೇವೆ, ಮತ್ತು ಆ ಕೋಣೆಯಲ್ಲೇ ಮಂಚ ಹಾಕುತ್ತೇವೆ. ದಪ್ಪ ಪರದೆಯಿಂದ ಹೆಚ್ಚೇನೂ ಆಗದು. ತೆರೆದ ಕಿಟಕಿ ಹೊರಗಿನ ಸದ್ದನ್ನು 10ರಿಂದ 15 ಡೆಸಿಬಲ್ ತಗ್ಗಿಸಿದರೆ, ಸಂದಿಲ್ಲದೆ ಮುಚ್ಚಿದ ಕಿಟಕಿ ಅದಕ್ಕಿಂತ ಬಹಳ ಹೆಚ್ಚು ತಗ್ಗಿಸುತ್ತದೆ. ನಮ್ಮ ಜಾರುವ ಅಲ್ಯುಮಿನಿಯಂ ಕಿಟಕಿಗಳಲ್ಲಿ ಕೆಳಗಿನ ಹಳಿಯ ಸಂದಿನಿಂದಲೇ ಸದ್ದು ನುಗ್ಗುವುದರಿಂದ ಮೊದಲು ಅಲ್ಲಿ ರಬ್ಬರ್ ಪಟ್ಟಿ ಹಾಕಿಸಿ. ಸೆಕೆಗೆ ಕಿಟಕಿ ಮುಚ್ಚಲಾಗದವರಿಗೆ ಇರುವುದು ಒಂದೇ ದಾರಿ, ಹಾಸಿಗೆಯನ್ನು ರಸ್ತೆಗೆ ಬೆನ್ನು ಹಾಕಿದ ಕೋಣೆಗೆ ಒಯ್ಯುವುದು. ಸದ್ದು ಕೇಳಿಸಬಾರದೆಂದು ನಿದ್ರೆಮಾತ್ರೆ ಕೇಳಬೇಡಿ, ನಾನು ಬರೆಯುವುದಿಲ್ಲ.

ಹೋಟೆಲ್ ಮಾಲೀಕರು ಕೊನೆಗೂ ಅಡುಗೆಮನೆಯ ಪಕ್ಕದ ಕೋಣೆಗೆ ಮಂಚ ಸಾಗಿಸಿದರು. ರಾತ್ರಿಯ ಒತ್ತಡ ಸ್ವಲ್ಪ ಇಳಿದಿದೆ, ಆದರೆ ಅದೇ ತಿಂಗಳು ಉಪ್ಪಿನಕಾಯಿಯನ್ನೂ ಬಿಟ್ಟಿದ್ದರಿಂದ ಯಾವುದರ ಪುಣ್ಯವೋ ಹೇಳಲಾರೆ, ಮಾತ್ರೆ ಹಾಗೆಯೇ ಮುಂದುವರಿದಿದೆ. ಈಗ ಅವರ ಹೆಂಡತಿಯದು ಹೊಸ ದೂರು: ಆ ಕೋಣೆಯ ಕೆಳಗೆ ಸೊಸೈಟಿಯ ನೀರಿನ ಪಂಪ್ ಬೆಳಗಿನ ಜಾವವೇ ಶುರುವಾಗುತ್ತದೆ. ಪಂಪಿನ ಅಡಿಗೆ ದಪ್ಪ ರಬ್ಬರ್ ಹಾಸು ಹಾಕಿಸಲು ಸೊಸೈಟಿಗೆ ಅರ್ಜಿ ಕೊಡಿ ಎಂದು ಅವರಿಗೆ ಹೇಳಿದ್ದೇನೆ.