ಒಳಗಿನ ಗರಡಿ: ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳಲ್ಲಿ ಆತ್ಮದ ಹೋರಾಟ

ಈ ಪಾಠಕ್ಕೆ ಕೂರುವ ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಓದುವ ನಮಗೆ ಈ ವಿಷಯದ ಪುಸ್ತಕಗಳು ಮಲಯಾಳದಲ್ಲೂ ಸಿಗುತ್ತವೆ. ಅಲ್ಲಿ ‘ಸಮರಂ’ ಎಂದರೆ ದಿನಬಳಕೆಯಲ್ಲಿ ಮುಷ್ಕರ, ಚಳವಳಿ. ನಮ್ಮ ‘ಸಮರ’ ನೇರವಾಗಿ ಯುದ್ಧ. ಅಲ್ಲಿಂದ ಪದವನ್ನು ಹಾಗೆಯೇ ಎತ್ತಿಕೊಂಡರೆ ಅರ್ಥವೇ ಕೆಟ್ಟುಹೋಗುತ್ತದೆ. ‘ಹೋರಾಟ’ ಎಂದು ಬರೆದರೆ ಸಾಕು. ಅದಕ್ಕಿಂತ ಹತ್ತಿರದ ಪದವೊಂದು ನಮ್ಮ ತುಳುನಾಡಿನಲ್ಲೇ ಇದೆ: ಗರಡಿ.

ಗರಡಿ ಎಂದದ್ದು ಅಲಂಕಾರಕ್ಕಲ್ಲ. ಎರಡೂ ಧರ್ಮಗಳ ಮೂಲಪದಗಳು ಅಲ್ಲಿಂದಲೇ ಬಂದಂತಿವೆ. ಗ್ರೀಕಿನ ‘ಅಗೋನ್’ ಎಂದರೆ ಪಂದ್ಯ. ‘ಆಸ್ಕೇಸಿಸ್’ ಎಂದರೆ ಜಟ್ಟಿಯ ಸಾಮು, ತಾಲೀಮು. ಅದೇ ಪದ ಮುಂದೆ ಸನ್ಯಾಸಿಯ ತಪಸ್ಸಿನ ಹೆಸರಾಯಿತು. ‘ಪಾಲೇ’ ಎಂದರೆ ಕುಸ್ತಿ. ನಮ್ಮ ಹೋರಾಟ ರಕ್ತಮಾಂಸದವರ ಮೇಲಲ್ಲ ಎಂದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿ (6:12) ಬರುವಲ್ಲಿ ಇರುವುದು ಈ ಕುಸ್ತಿಯ ಪದವೇ. ಆದಿ ಕ್ರೈಸ್ತ ಬೋಧಕ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (9:24–27) ಓಟಗಾರನನ್ನೂ ಗುದ್ದಾಟದವನನ್ನೂ ತರುತ್ತಾರೆ. ನಾನು ಗಾಳಿಗೆ ಗುದ್ದುವವನಲ್ಲ ಎನ್ನುತ್ತಾರೆ. ಅರಬಿಯಲ್ಲಿ ‘ಜ-ಹ-ದ’ ಧಾತುವಿಗೆ ಶಕ್ತಿಮೀರಿ ಶ್ರಮಿಸುವುದು ಎಂದರ್ಥ. ‘ಜಿಹಾದ್’, ‘ಮುಜಾಹದ’ ಎರಡೂ ಅದರಿಂದ ಹುಟ್ಟಿದವು. ಮನಸ್ಸನ್ನು ಪಳಗಿಸುವುದಕ್ಕೆ ಇರುವ ಇನ್ನೊಂದು ಪದ ‘ರಿಯಾದ’. ಅದು ಕುದುರೆ ಪಳಗಿಸುವ ಕೆಲಸಕ್ಕೂ ಹೊಂದುತ್ತಿತ್ತು, ಇಂದಿನ ಅರಬಿಯಲ್ಲಿ ಕ್ರೀಡೆ ಎಂಬರ್ಥದಲ್ಲಿದೆ. ಆಸ್ಕೇಸಿಸ್ ಮತ್ತು ರಿಯಾದ ಎಷ್ಟು ಸರಿಜೋಡಿ ಎಂದರೆ, ಈ ಎರಡನ್ನು ನೆನಪಿಟ್ಟರೆ ಪಾಠದ ಅರ್ಧ ಬಂದಂತೆ.

ಜಿಹಾದ್ ಬಗ್ಗೆ ಬರೆಯುವಾಗ ಎರಡು ತಪ್ಪುಗಳು ಆಗುತ್ತವೆ. ಅದು ಯುದ್ಧ ಮಾತ್ರ ಎನ್ನುವುದು ಒಂದು, ಅದರಲ್ಲಿ ಯುದ್ಧ ಇಲ್ಲವೇ ಇಲ್ಲ ಎನ್ನುವುದು ಇನ್ನೊಂದು. ಇಸ್ಲಾಮಿ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಜಿಹಾದಿನ ಅಧ್ಯಾಯ ಯುದ್ಧದ ನಿಯಮಗಳ ಅಧ್ಯಾಯವೇ. ಆದರೆ ‘ನಮಗಾಗಿ ಶ್ರಮಿಸುವವರಿಗೆ ನಮ್ಮ ದಾರಿಗಳನ್ನು ತೋರುತ್ತೇವೆ’ ಎಂಬ ಅರ್ಥದ ಕುರ್‌ಆನಿನ 29:69, ಕುರ್‌ಆನಿನ ಮೂಲಕವೇ ‘ಮಹಾ ಜಿಹಾದ್’ ಮಾಡು ಎನ್ನುವ 25:52 — ಇವು ಮಕ್ಕಾ ಕಾಲದವು, ಆಯುಧ ಎತ್ತಲು ಅನುಮತಿ ಬರುವುದಕ್ಕೂ ಮೊದಲಿನವು. ಇಲ್ಲಿ ಇನ್ನೊಂದು ಎಚ್ಚರ ಬೇಕು. ‘ಸಣ್ಣ ಜಿಹಾದಿನಿಂದ ದೊಡ್ಡ ಜಿಹಾದಿಗೆ ಮರಳಿದೆವು’ ಎಂಬ ಹದೀಸನ್ನು, ಅಂದರೆ ಪ್ರವಾದಿಯವರದೆಂದು ವರದಿಯಾದ ಮಾತನ್ನು, ಎಲ್ಲರೂ ಉದ್ಧರಿಸುತ್ತಾರೆ. ಅದರ ವರದಿಗಾರರ ಸರಪಳಿ ದುರ್ಬಲ ಎಂದು ಅದನ್ನು ಸಂಗ್ರಹಿಸಿದ ಬೈಹಕಿಯವರೇ ಹೇಳಿದ್ದಾರೆ, ವಿದ್ವಾಂಸ ಇಬ್ನ್ ತೈಮಿಯ್ಯ ಅದನ್ನು ಒಪ್ಪಲೇ ಇಲ್ಲ. ಉತ್ತರವನ್ನು ಅದರ ಮೇಲೆ ನಿಲ್ಲಿಸಿದರೆ ಗೋಡೆ ಕುಸಿಯುತ್ತದೆ. ‘ತನ್ನ ನಫ್ಸಿನ (ಒಳಗಿನ ‘ನಾನು’ವಿನ) ಜೊತೆ ಸೆಣಸುವವನೇ ಮುಜಾಹಿದ್’ ಎಂಬ, ತಿರ್ಮಿದಿ ಸಂಗ್ರಹದ ಹದೀಸೂ, ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪದಲ್ಲಿ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ, ಬುಖಾರಿ ಸಂಗ್ರಹದ ಹದೀಸೂ ಗಟ್ಟಿಯಾಗಿವೆ. ಅವನ್ನು ಬಳಸಿ.

ಕ್ರೈಸ್ತರ ಕಡೆಯೂ ಮಾತು ಇಷ್ಟೇ ಜಾರುತ್ತದೆ. ‘ಕ್ರಿಸ್ತನ ಸೈನಿಕ’ ಎಂಬುದು ಬಹುಕಾಲ ಮಠವಾಸಿಯ ಹೆಸರಾಗಿತ್ತು. 12ನೇ ಶತಮಾನದಲ್ಲಿ ಕ್ಲೆರ್ವೋದ ಮಠಾಧಿಪತಿ ಬರ್ನಾರ್ಡರು ಅದೇ ನುಡಿಗಟ್ಟನ್ನು ಕತ್ತಿ ಹಿಡಿದ ಟೆಂಪ್ಲರ್ ಯೋಧರಿಗೆ ಕೊಟ್ಟರು. ಒಳಗಿನ ಮಾತು ಹೊರಗೆ ಬಳಕೆಯಾದದ್ದು ಒಂದೇ ಧರ್ಮದಲ್ಲಿ ಎಂದು ಬರೆಯುವುದು ಅನ್ಯಾಯ.

ಎದುರಾಳಿ ಯಾರು? ಇಸ್ಲಾಮಿನಲ್ಲಿ ನಫ್ಸ್. ಕುರ್‌ಆನಿನಲ್ಲಿ ಅದರ ಮೂರು ಮುಖಗಳು ಕಾಣುತ್ತವೆ: ಕೆಡುಕಿಗೆ ಒತ್ತಾಯಿಸುವ ಅಮ್ಮಾರ (12:53), ತನ್ನನ್ನೇ ನಿಂದಿಸಿಕೊಳ್ಳುವ ಲವ್ವಾಮ (75:2), ನೆಮ್ಮದಿಗೊಂಡ ಮುತ್ಮಇನ್ನ (89:27). ಮೂರು ಬೇರೆ ಬೇರೆ ಆತ್ಮಗಳಲ್ಲ, ಒಂದೇ ನಫ್ಸಿನ ಮೂರು ಸ್ಥಿತಿಗಳು. ಕನ್ನಡ ಬೈಬಲಿನಲ್ಲಿ ಇದಕ್ಕೆ ಹತ್ತಿರದ ಪದ ‘ಶರೀರಭಾವ’ (ಗಲಾತ್ಯದವರಿಗೆ 5:17). ನಮ್ಮ ಅನುವಾದಕರು ಬರೀ ‘ಶರೀರ’ ಎನ್ನದೆ ‘ಭಾವ’ ಸೇರಿಸಿದ್ದು ಬಹಳ ವಿವೇಕದ ಕೆಲಸ. ಪೌಲರು ಅಲ್ಲೇ ಕೊಡುವ ಪಟ್ಟಿಯಲ್ಲಿ ಹೊಟ್ಟೆಕಿಚ್ಚು, ಜಗಳ, ಪಂಗಡತನ ಇವೆ. ಇವು ಮಾಂಸಖಂಡದ ದೋಷಗಳಲ್ಲ. ನಫ್ಸ್ ಎಂದರೆ ದೇಹ, ಶರೀರಭಾವ ಎಂದರೆ ದೇಹ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಸೈತಾನ ಎರಡೂ ಕಡೆ ಇದ್ದಾನೆ, ಆದರೆ ಅವನ ಅಧಿಕಾರ ಸಣ್ಣದು. ಕುರ್‌ಆನಿನ 14:22ರಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ: ನಾನು ಕರೆದೆ ಅಷ್ಟೇ, ಓಗೊಟ್ಟವರು ನೀವು. ಯಾಕೋಬನ ಪತ್ರವೂ (1:14–15) ಪ್ರತಿಯೊಬ್ಬನನ್ನು ಎಳೆಯುವುದು ಅವನ ಆಸೆಯೇ ಎನ್ನುತ್ತದೆ. ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ.

ಬಸಿರು, ಹೆರಿಗೆ ಎಂದ ಮೇಲೆ ನಡುವೆ ಸಮಯ ಇದೆ ಎಂದಾಯಿತು. ಎರಡೂ ಪರಂಪರೆಗಳ ಅನುಭವಿಗಳು ತಮ್ಮ ಬುದ್ಧಿಯನ್ನೆಲ್ಲ ಸುರಿದದ್ದು ಈ ನಡುವಿನ ಹೊತ್ತಿನ ಮೇಲೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬದಿಯಡ್ಕ ಕಡೆಯ ಬೆಳೆಗಾರನೊಬ್ಬ ಅಂಗಳದಲ್ಲಿ ಕೂತು ಸುಲಿದ ಅಡಿಕೆ ಹೆಕ್ಕುತ್ತಿದ್ದಾನೆ. ಒಳ್ಳೆಯದು ಒಂದು ರಾಶಿ, ಕೀಳು ದರ್ಜೆಯ ಪಟೋರ ಒಂದು, ಕರಿಗೋಟು ಒಂದು. ‘ಗೋಣಿಯ ನಡುವೆ ಎರಡು ಕಿಲೋ ಪಟೋರ ಸೇರಿಸಿದರೆ ಯಾರಿಗೆ ತಿಳಿಯುತ್ತದೆ’ ಎಂದು ತಲೆಗೆ ಬಂತು.

ಇಸ್ಲಾಮಿನ ವಿದ್ವಾಂಸ ಗಜ್ಜಾಲಿ (1058–1111) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಇದನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸುತ್ತಾರೆ. ಹಾಗೆ ತಲೆಗೆ ಬಂದದ್ದು ‘ಖಾತಿರ್’. ಕೈ ಪಟೋರದ ರಾಶಿಯ ಕಡೆಗೆ ತಾನಾಗಿ ವಾಲಿದಂತೆ ಆಗುವ ಸೆಳೆತ ‘ಮೈಲ್’. ‘ಹೌದು, ಮಾಡಬಹುದು’ ಎಂದು ಮನಸ್ಸು ತೀರ್ಪು ಕೊಡುವುದು ‘ಇಅ್‌ತಿಕಾದ್’. ಮಾಡಿಯೇ ಬಿಡುತ್ತೇನೆ ಎಂಬ ನಿರ್ಧಾರ ‘ಹಮ್ಮ್’. ಮೊದಲೆರಡಕ್ಕೆ ಲೆಕ್ಕ ಕೇಳುವುದಿಲ್ಲ, ಅವು ನಮ್ಮ ಕೈಯಲ್ಲಿಲ್ಲ. ಮೂರನೆಯದು ಬೇಕೆಂದೇ ಆಯಿತೇ, ತಾನಾಗಿ ಆಯಿತೇ ಎಂಬುದರ ಮೇಲೆ ನಿಂತಿದೆ. ನಾಲ್ಕನೆಯದಕ್ಕೆ ಉತ್ತರ ಕೊಡಬೇಕು. ಆದರೆ ನಿರ್ಧರಿಸಿಯೂ ದೇವರಿಗೆ ಅಂಜಿ ಬಿಟ್ಟರೆ ಅದು ಒಂದು ಒಳಿತೆಂದು ಬರೆಯಲಾಗುತ್ತದೆ. ಕೊನೆಯ ಮಾತಿಗೆ ಬುಖಾರಿ, ಮುಸ್ಲಿಂ ಎಂಬ ಎರಡೂ ಸಂಗ್ರಹಗಳಲ್ಲಿ ಹದೀಸಿನ ಆಧಾರ ಇದೆ. ವ್ಯಾಪಾರಿ ಬಂದಿಲ್ಲ ಎಂದು ಬಿಟ್ಟರೆ ಈ ಲೆಕ್ಕ ನಡೆಯುವುದಿಲ್ಲ.

7ನೇ ಶತಮಾನದಲ್ಲಿ ಸಿನಾಯಿ ಬೆಟ್ಟದ ಕ್ರೈಸ್ತ ಸನ್ಯಾಸಿ ಯೋಹಾನ ಕ್ಲಿಮಾಕಸರು 30 ಮೆಟ್ಟಿಲುಗಳ ‘ಏಣಿ’ ಎಂಬ ಗ್ರಂಥದಲ್ಲಿ ಇದನ್ನೇ ಆರು ಹಂತ ಮಾಡುತ್ತಾರೆ: ಯೋಚನೆಯ ತಟ್ಟುವಿಕೆ, ಅದರ ಜೊತೆ ಮಾತುಕತೆ, ಒಪ್ಪಿಗೆ, ಸೆರೆ, ಸೆಣಸಾಟ, ವ್ಯಸನ. ತಟ್ಟಿದ್ದರಲ್ಲಿ ಪಾಪವಿಲ್ಲ ಎಂಬಲ್ಲಿ ಇವರೂ ಗಜ್ಜಾಲಿಯವರೂ ಒಂದೇ. ಕ್ಲಿಮಾಕಸರ ಕಣ್ಣು ಹರಿತವಾಗಿರುವುದು ಎರಡನೆಯ ಹಂತದಲ್ಲಿ. ಬೆಳೆಗಾರ ಇನ್ನೂ ಏನೂ ಮಾಡಿಲ್ಲ, ಆದರೆ ಕಿಲೋಗೆ ಎಷ್ಟು ವ್ಯತ್ಯಾಸ, ಒಟ್ಟು ಎಷ್ಟು ಉಳಿಯಿತು ಎಂದು ಲೆಕ್ಕ ಹಾಕತೊಡಗಿದ್ದಾನೆ. ಬಾಗಿಲಲ್ಲಿ ನಿಂತವನನ್ನು ಜಗಲಿಗೆ ಕರೆದು ಬೆಲ್ಲ ನೀರು ಕೊಟ್ಟ ಹಾಗೆ. ಕೂತವನನ್ನು ಎಬ್ಬಿಸುವುದು ಕಷ್ಟ. ‘ಸೆಣಸಾಟ’ಕ್ಕೆ ಅವರು ಬಳಸುವ ಪದ ‘ಪಾಲೇ’ಯೇ: ದಾಳಿಯಷ್ಟೇ ಬಲ ಎದುರಿಗೂ ಇದೆ, ಗೆಲುವೋ ಸೋಲೋ ಮನಸ್ಸು ಬಯಸಿದಂತೆ. ಎರಡು ಪಟ್ಟಿಗಳನ್ನು ಒಂದೊಂದಾಗಿ ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಗಜ್ಜಾಲಿ ಯಾವುದಕ್ಕೆ ಹೊಣೆ ಎಂದು ಕೇಳುವ ನ್ಯಾಯಶಾಸ್ತ್ರಜ್ಞ, ಕ್ಲಿಮಾಕಸ್ ರೋಗ ಹೇಗೆ ಬಲಿಯಿತು ಎಂದು ನೋಡುವ ವೈದ್ಯ.

ಕ್ಲಿಮಾಕಸರಿಗೂ ಹಿಂದೆ, ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ಸನ್ಯಾಸಿ ಇವಾಗ್ರಿಯಸ್ (ಮರಣ 399) ಎಂಟು ಯೋಚನೆಗಳನ್ನು ಹೆಸರಿಸಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಕೇಡಿಯ, ಹೊಗಳಿಕೆಯಾಸೆ, ಅಹಂಕಾರ. ಏಳು ಮಹಾಪಾಪಗಳ ಪಟ್ಟಿ ಬಂದದ್ದು ಇಲ್ಲಿಂದ. ಪೋಪ್ ಗ್ರೆಗರಿ (ಮರಣ 604) ಅಹಂಕಾರವನ್ನು ಎಲ್ಲದರ ಬೇರೆಂದು ಪ್ರತ್ಯೇಕ ಇಟ್ಟು, ಅಕೇಡಿಯವನ್ನು ದುಃಖದಲ್ಲಿ ಅಡಗಿಸಿ, ಹೊಟ್ಟೆಕಿಚ್ಚನ್ನು ಸೇರಿಸಿದರು. ನಮ್ಮ ಅರಿಷಡ್ವರ್ಗದ ಜೊತೆ ಹೋಲಿಸುವ ಆಸೆ ಬರುತ್ತದೆ, ಹೋಲಿಸಿ. ಆದರೆ ಅಲ್ಲಿ ಅಕೇಡಿಯಕ್ಕೆ ಜಾಗವೇ ಇಲ್ಲ. ಅದನ್ನು ‘ಸೋಮಾರಿತನ’ ಎಂದು ಅನುವಾದಿಸುವುದು ತಪ್ಪು. ಇವಾಗ್ರಿಯಸ್ ಕೊಡುವ ಚಿತ್ರ ಇದು: ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗಿನ ಹೊತ್ತು. ಸೂರ್ಯ ನಿಂತೇಬಿಟ್ಟಂತೆ, ದಿನಕ್ಕೆ 50 ಗಂಟೆಗಳಿದ್ದಂತೆ ಅನಿಸುತ್ತದೆ. ಸನ್ಯಾಸಿ ಕಿಟಕಿ ನೋಡುತ್ತಾನೆ, ಹೊರಗೆ ಬಂದು ಊಟದ ಹೊತ್ತಿಗೆ ಎಷ್ಟಿದೆ ಎಂದು ಬಿಸಿಲು ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಅತ್ತಿತ್ತ ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿಯಿಲ್ಲ, ಬೇರೆ ಊರಿಗೆ ಹೋದರೆ ಸುಲಭ ಎನಿಸುತ್ತದೆ. ಇದು ಕೆಲಸಗಳ್ಳತನ ಅಲ್ಲ, ಇದ್ದಲ್ಲಿ ಇರಲಾಗದ ಬೇಗುದಿ. ಓದುವ ಮೇಜಿನ ಮುಂದೆ ಐದು ನಿಮಿಷಕ್ಕೊಮ್ಮೆ ಮೊಬೈಲ್ ತಿರುಗಿಸುವವರಿಗೆ ಬೇರೆ ವಿವರಣೆ ಬೇಕಿಲ್ಲ. ಅವರು ಹೇಳುವ ಮುಖ್ಯ ಮದ್ದು: ಆ ಹೊತ್ತಿನಲ್ಲಿ ಕೋಣೆ ಬಿಟ್ಟು ಏಳಬೇಡ.

ಇವಾಗ್ರಿಯಸ್ ಹೊಟ್ಟೆಯಿಂದ ಶುರುಮಾಡಿದ್ದನ್ನು ಗಮನಿಸಿ. ‘ಇಹ್ಯಾ’ 40 ಪುಸ್ತಕಗಳ ಗ್ರಂಥ. ಅದರ ಮೂರನೇ ಭಾಗದಲ್ಲಿ (21–30) ನಾಶಮಾಡುವ ಗುಣಗಳ ಚರ್ಚೆ ಇದೆ. ಅಲ್ಲೂ ಹೃದಯದ ಮತ್ತು ತರಬೇತಿಯ ಮಾತು ಮುಗಿದೊಡನೆ, 23ನೆಯದರಲ್ಲಿ, ಬರುವುದು ಹೊಟ್ಟೆ ಮತ್ತು ಕಾಮ. ಉಪವಾಸಕ್ಕೆ ಎರಡೂ ಕಡೆ ಇಷ್ಟು ಬೆಲೆ ಬಂದದ್ದು ಹೀಗೆ. ರಂಜಾನಿನ ನೋಂಬು 29 ಅಥವಾ 30 ದಿನ, ಮುಂಜಾವಿನ ಫಜ್ರಿನಿಂದ ಸೂರ್ಯಾಸ್ತದ ಮಗ್ರಿಬ್ ಬಾಂಗಿನವರೆಗೆ ನೀರೂ ಇಲ್ಲ. ಈಸ್ಟರಿಗೆ ಮೊದಲಿನ ಕಥೊಲಿಕರ ತಪಸ್ಸು ಕಾಲದಲ್ಲಿ ಭಾನುವಾರಗಳನ್ನು ಬಿಟ್ಟು 40 ದಿನ. ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅಂದು ಪೂರ್ತಿ ಊಟ ಒಂದೇ ಹೊತ್ತು. ಅಳತೆ ಬೇರೆ, ಕೆಡುವ ಜಾಗ ಒಂದೇ. ಸುಳ್ಳು ಬಿಡದವನು ಅನ್ನ ನೀರು ಬಿಟ್ಟರೆ ದೇವರಿಗೆ ಅದರ ಅಗತ್ಯವಿಲ್ಲ ಎಂದು ಬುಖಾರಿಯ ಹದೀಸು. ಬೈಬಲಿನ ಯೆಶಾಯನ 58ನೇ ಅಧ್ಯಾಯ ಜಗಳವಾಡುತ್ತಾ ಮಾಡುವ ಉಪವಾಸವನ್ನು ಇದೇ ದನಿಯಲ್ಲಿ ಗದರುತ್ತದೆ.

ದಿನದ ಅಭ್ಯಾಸಕ್ಕೆ ಬಂದರೆ ಗಜ್ಜಾಲಿಯವರ ಹೋಲಿಕೆ ಅಂಗಡಿಯದು. ಬುದ್ಧಿ ಬಂಡವಾಳ ಹಾಕಿದ ವ್ಯಾಪಾರಿ, ನಫ್ಸ್ ಅವನ ಪಾಲುದಾರ, ಆಯುಷ್ಯವೇ ಬಂಡವಾಳ. ಬೆಳಗಿನ ನಮಾಜು ಮುಗಿಸಿ ಪಾಲುದಾರನಿಗೆ ಷರತ್ತು ಹಾಕುವುದು ಮುಶಾರತ, ಹಗಲಿಡೀ ಕಣ್ಣಿಡುವುದು ಮುರಾಕಬ, ರಾತ್ರಿ ಲೆಕ್ಕ ಕೂಡಿಸುವುದು ಮುಹಾಸಬ. ನಷ್ಟ ಕಂಡರೆ ಮುಆಕಬ, ಅಂದರೆ ದಂಡ. ಆಮೇಲೆ ಮುಜಾಹದ, ಆಲಸ್ಯ ತೋರಿದಲ್ಲಿ ಹೆಚ್ಚಿನ ಆರಾಧನೆಯ ಹೊರೆ. ಕೊನೆಗೆ ಮುಆತಬ, ಗದರಿಕೆ. ‘ನಿಮ್ಮ ಲೆಕ್ಕ ಕೇಳುವ ಮೊದಲು ನೀವೇ ಕೇಳಿಕೊಳ್ಳಿ’ ಎಂಬ, ಖಲೀಫ ಉಮರರದೆಂದು ಬಂದ ಮಾತೇ ಇದಕ್ಕೆ ಬೀಜ.

ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ (1491–1556) ಇದನ್ನು ಕಾಗದಕ್ಕೇ ಇಳಿಸಿದರು. ಒಂದೇ ಒಂದು ದೋಷ ಆರಿಸಿಕೊಳ್ಳಬೇಕು. ಬೆಳಗ್ಗೆ ಏಳುವಾಗ ನಿಶ್ಚಯ. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿಯೂಟದ ನಂತರ ಇನ್ನೊಮ್ಮೆ, ಗಂಟೆ ಗಂಟೆಯಾಗಿ ನೆನೆದು, ಬಿದ್ದಷ್ಟು ಸಲ ಚುಕ್ಕೆ ಹಾಕಬೇಕು. ದಿನಕ್ಕೆ ಎರಡು ಗೆರೆ. ಮೇಲಿನ ಗೆರೆಯನ್ನು ಕೆಳಗಿನದರ ಜೊತೆ, ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹಿಂದಿನ ವಾರದ ಜೊತೆ ಹೋಲಿಸಬೇಕು. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಡಬೇಕು; ಜನರ ನಡುವೆಯೂ ಯಾರಿಗೂ ಕಾಣದಂತೆ ಮಾಡಬಹುದಾದ ಗುರುತು ಅದು. ನಮ್ಮೂರ ಕೊಂಕಣಿ ಕಥೊಲಿಕರ ಕುಮ್ಸಾರಿಗೂ ಇದಕ್ಕೂ ನಂಟಿದೆ: ಪಾಪನಿವೇದನೆಗೆ ಮೊದಲು ತನ್ನನ್ನು ತಾನು ಶೋಧಿಸಿಕೊಳ್ಳಲೇಬೇಕು. ಇಸ್ಲಾಮಿನಲ್ಲಿ ಕುಮ್ಸಾರಿನಂಥದ್ದಿಲ್ಲ, ತೌಬ, ಅಂದರೆ ಪಶ್ಚಾತ್ತಾಪ, ನೇರ ದೇವರೊಡನೆ, ಮಾಡಿದ ಪಾಪವನ್ನು ಜನರೆದುರು ಹೇಳಿಕೊಳ್ಳುವುದೇ ತಪ್ಪು. ಆದರೆ ತನ್ನ ದೋಷ ತನಗೆ ಕಾಣಲು ಗಜ್ಜಾಲಿ ನಾಲ್ಕು ದಾರಿ ಹೇಳುತ್ತಾರೆ: ಗುರು, ಸತ್ಯ ಹೇಳುವ ಗೆಳೆಯ, ವೈರಿಯ ನಾಲಿಗೆ, ಜನರ ಒಡನಾಟ. ಮೂರನೆಯದು ಅತ್ಯಂತ ಉಪಯುಕ್ತ. ಹೊಗಳುವ ಗೆಳೆಯನಿಗಿಂತ ಬೈಯುವ ವೈರಿಯಿಂದ ಸಿಗುವ ಲಾಭ ಹೆಚ್ಚು ಎಂದು ಅವರೇ ಹೇಳುತ್ತಾರೆ.

ಈ ಲೆಕ್ಕ ಅತಿಯಾದರೆ ಕಾಯಿಲೆಯಾಗುತ್ತದೆ. ನಮಾಜಿಗೆ ಮೊದಲಿನ ಅಂಗಶುದ್ಧಿಯಾದ ವುಳೂವಿನಲ್ಲಿ ಅಂಗಾಂಗವನ್ನು ಮೂರು ಸಲ ತೊಳೆದರೆ ಸಾಕು, ನಾಲ್ಕನೆಯದು ಅಪ್ರಿಯ. ಆದರೂ ಹತ್ತು ಸಲ ತೊಳೆದು ಸಾಲದೆನ್ನಿಸುವುದಕ್ಕೆ ‘ವಸ್‌ವಾಸ್’ ಎನ್ನುತ್ತಾರೆ. ಇಗ್ನೇಷಿಯಸರೇ 1522ರಲ್ಲಿ ಮನ್ರೇಸಾದಲ್ಲಿ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿಕೊಳ್ಳುವ ಈ ಹಿಂಸೆಯಲ್ಲಿ ಸಾಯುವಷ್ಟು ನರಳಿದರು. ಇಬ್ಬರ ಪರಂಪರೆಯೂ ಹೇಳುವುದು ಇಂಥ ಅನುಮಾನಕ್ಕೆ ಉತ್ತರ ಕೊಡಬೇಡಿ, ಗಮನಿಸದೆ ಮುಂದೆ ಹೋಗಿ ಎಂದು. ವಾರಗಟ್ಟಲೆ ಬಿಡದಿದ್ದರೆ ಮನೋವೈದ್ಯರನ್ನು ಕಾಣಬೇಕು. ಇದು ಚಿಕಿತ್ಸೆಗೆ ಬಗ್ಗುವ ಗೀಳು.

ಇಷ್ಟೆಲ್ಲ ಸಾಮ್ಯ ನೋಡಿ ಎರಡೂ ಒಂದೇ ಎಂದು ಬರೆದುಬಿಡಬೇಡಿ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲರು, ಮಾಡಬೇಕೆಂದಿರುವುದನ್ನು ಮಾಡಲಾರೆ, ನನ್ನನ್ನು ಬಿಡಿಸುವವರಾರು ಎಂದು ಕೂಗುತ್ತಾರೆ. ಅಲ್ಲಿ ಸಂಕಲ್ಪಶಕ್ತಿಯೇ ಮುರಿದಿದೆ, ಗೆಲುವು ಕ್ರಿಸ್ತನದು, ಸಾಧಕ ಅದರಲ್ಲಿ ಪಾಲುಗಾರ. ಕುರ್‌ಆನಿನಲ್ಲಿ ಆದಮನ ತಪ್ಪು ಅಲ್ಲೇ ಕ್ಷಮೆಗೊಂಡಿತು (2:37). ಮಗು ‘ಫಿತ್ರ’ದಲ್ಲಿ, ಶುದ್ಧ ಸ್ವಭಾವದಲ್ಲಿ ಹುಟ್ಟುತ್ತದೆ. ನಫ್ಸ್ ಮುರಿದದ್ದಲ್ಲ, ಪಳಗದ್ದು. ದೇವರ ಸಹಾಯವಿಲ್ಲದೆ ಆಗದು ಎಂಬುದು ಇಲ್ಲೂ ಇದೆ, ಆದರೆ ಬಿಡಿಸಲು ಬರುವ ಮಧ್ಯಸ್ಥ ಇಲ್ಲ.

ಎರಡೂ ಪರಂಪರೆಗಳನ್ನು ಎದುರುಬದುರು ಇಟ್ಟು ಓದಲು ನಾವು ಸೂಚಿಸುವುದು ಹೊಗಳಿಕೆಯಾಸೆಯ ಭಾಗ. ಉಳಿದ ಯೋಚನೆಗಳನ್ನು ಸೋಲಿಸಿದ ಮೇಲೆ ಬರುವ ಯೋಚನೆ ಅದು. ಅದನ್ನು ಓಡಿಸಲು ಏನು ಮಾಡಿದರೂ ಅದೇ ಹೊಸ ಹೊಗಳಿಕೆಗೆ ಕಾರಣವಾಗುತ್ತದೆ ಎನ್ನುತ್ತಾರೆ ಇವಾಗ್ರಿಯಸ್. ಅರಬಿಯಲ್ಲಿ ಇದು ‘ರಿಯಾ’. ತೋರಿಕೆಯಾಗುತ್ತದೆಂದು ಹೆದರಿ ನಮಾಜನ್ನೇ ಬಿಟ್ಟರೆ? ಜನರಿಗಾಗಿ ಕೆಲಸ ಬಿಡುವುದೂ ರಿಯಾ ಎಂದರು 8ನೇ ಶತಮಾನದ ಫುದೈಲ್ ಇಬ್ನ್ ಇಯಾದ್. ಆದ್ದರಿಂದ ಮಸೀದಿಯಲ್ಲಿ ಯಾರೋ ನೋಡುತ್ತಿದ್ದಾರೆಂದು ನಮಾಜನ್ನು ಉದ್ದ ಮಾಡುವುದೂ ಇಲ್ಲ, ಗಿಡ್ಡ ಮಾಡುವುದೂ ಇಲ್ಲ. ಮನೆಯಲ್ಲಿ ಒಬ್ಬರೇ ಇರುವಾಗ ಎಷ್ಟೋ ಅಷ್ಟೇ.