ಗೊತ್ತಿರುವ ಔಷಧಿಗೆ ಮತ್ತೇಕೆ ಪರೀಕ್ಷೆ?

ಪ್ರಶ್ನೆ: ಹೃದಯ ದುರ್ಬಲವಾಗಿದೆಯೆಂದು ನಮ್ಮ ತಂದೆಯವರನ್ನು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಮಾರ್ಗಸೂಚಿಯಂತೆ ಆರೈಕೆ ಒದಗಿಸುವ ಹೊಸ ಕ್ರಮವೊಂದರ ಅಧ್ಯಯನಕ್ಕೆ ಸೇರುವಿರಾ ಎಂದು ಡಿಸ್ಚಾರ್ಜ್ ದಿನ ಕೇಳಿದರು. ಔಷಧಿ ಯಾವುದೆಂದು ಗೊತ್ತಿರುವಾಗ ಪರೀಕ್ಷೆ ಏತಕ್ಕೆ? ನಾವು ಪ್ರಯೋಗಪಶುಗಳೇ?
– ಓದುಗರೊಬ್ಬರು, ಜಗಳೂರು

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ. ಆದರೆ ಇಂಥ ಅಧ್ಯಯನದಲ್ಲಿ ಒರೆಗೆ ಹಚ್ಚುವುದು ಮಾತ್ರೆಯನ್ನಲ್ಲ, ಅದು ರೋಗಿಯನ್ನು ಮುಟ್ಟುವ ದಾರಿಯನ್ನು.

ರಕ್ತ ಪಂಪ್ ಮಾಡುವ ಶಕ್ತಿ ಕುಂದಿದ ಹೃದಯಕ್ಕೆ (ಇದನ್ನೇ ಹೃದಯ ವೈಫಲ್ಯ ಎನ್ನುವುದು) ಇಂದಿನ ಚಿಕಿತ್ಸಾ ಮಾರ್ಗಸೂಚಿಗಳು ನಾಲ್ಕು ಬಗೆಯ ಔಷಧಿಗಳನ್ನು ಸೂಚಿಸುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ರಕ್ತದೊತ್ತಡ, ನಾಡಿ, ಮೂತ್ರಪಿಂಡದ ಸ್ಥಿತಿ, ಪೊಟ್ಯಾಸಿಯಂ ಮಟ್ಟ ಇವೆಲ್ಲವನ್ನೂ ಗಮನಿಸುತ್ತ ಹಂತಹಂತವಾಗಿ ಏರಿಸಬೇಕು. ತೊಡಕಿರುವುದು ಈ ಏರಿಸುವ ಕೆಲಸದಲ್ಲಿಯೇ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬರುವ ರೋಗಿಗೆ ಒಂದೊಂದು ಭೇಟಿಯೂ ತನ್ನ ಒಂದು ದಿನದ ಕೂಲಿ, ಜೊತೆಗೆ ಬರುವ ಮಗನದೊಂದು, ಮೇಲೆ ಬಸ್ಸಿನ ಖರ್ಚು; ಶೇಂಗಾ ಕೀಳುವ ದಿನಗಳಲ್ಲಂತೂ ಆಸ್ಪತ್ರೆಯ ಮಾತೇ ಬರುವುದಿಲ್ಲ. ಹೀಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಆರಂಭದ ಪ್ರಮಾಣವೇ ಎಷ್ಟೋ ಮಂದಿಗೆ ಕಾಯಂ ಆಗಿಬಿಡುತ್ತದೆ.

2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ಕೈಹಾಕಿದ್ದು ಇದಕ್ಕೆ. 14 ದೇಶಗಳ 1,078 ರೋಗಿಗಳು ಅದರಲ್ಲಿದ್ದರು. ಹೊಸ ಮಾತ್ರೆ ಒಂದೂ ಇರಲಿಲ್ಲ. ಮನೆಗೆ ಕಳುಹಿಸಿದ ಎರಡು ವಾರಗಳೊಳಗೆ ಪೂರ್ಣ ಪ್ರಮಾಣಕ್ಕೆ ಏರಿಸುವುದು, ಎರಡು ತಿಂಗಳಲ್ಲಿ ನಾಲ್ಕು ಸಲ ಕರೆಸಿ ಪರೀಕ್ಷಿಸುವುದು, ಬದಲಾವಣೆ ಇಷ್ಟೇ. 180 ದಿನಗಳಲ್ಲಿ ಸಾವಿಗೀಡಾದವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ರೂಢಿಯ ಆರೈಕೆ ಪಡೆದ ಗುಂಪಿನಲ್ಲಿ ಶೇ 23.3, ಹೊಸ ಕ್ರಮದ ಗುಂಪಿನಲ್ಲಿ ಶೇ 15.2. ಅಡ್ಡಪರಿಣಾಮಗಳು ಮಾತ್ರ ಹೊಸ ಕ್ರಮದಲ್ಲಿಯೇ ಹೆಚ್ಚು ಕಂಡವು (90 ದಿನಗಳಲ್ಲಿ ಶೇ 41, ಇನ್ನೊಂದರಲ್ಲಿ ಶೇ 29), ಆದರೆ ಗಂಭೀರವಾದವು ಎರಡರಲ್ಲೂ ಸರಿಸುಮಾರು ಸಮನಾಗಿದ್ದವು.

ಕೇಳಲು ಚೆನ್ನಾಗಿರುವ ಕ್ರಮಗಳೆಲ್ಲ ಹೀಗೆ ಫಲಿಸುವುದಿಲ್ಲ. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ ಎಂ-ವೆಲ್‌ಕೇರ್ ಅಧ್ಯಯನದಲ್ಲಿ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರ ವಿವರ ತುಂಬಿದರೆ ಚಿಕಿತ್ಸೆಯ ಸಲಹೆ ನೀಡುವ ಟ್ಯಾಬ್ಲೆಟ್ ಸಾಧನವನ್ನು ನರ್ಸ್‌ಗಳಿಗೆ ಕೊಡಲಾಗಿತ್ತು. 2019ರಲ್ಲಿ ಹೊರಬಂದ ಫಲಿತಾಂಶದಂತೆ ಸಾಧನವಿದ್ದ, ಇಲ್ಲದ ಎರಡೂ ಗುಂಪುಗಳಲ್ಲಿ ಬಿ.ಪಿ. ಇಳಿದಿತ್ತು, ಸಾಧನವಿದ್ದ ಕಡೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನನ್ನ ಮಟ್ಟಿಗೆ ಇದು ಸೋಲಲ್ಲ. ಪರೀಕ್ಷಿಸದೆ ಊರೂರಿಗೆ ಹಂಚಿದ್ದರೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ.

ಪಕ್ಕದ ತಾಲ್ಲೂಕಿಗೆ ಹೊಸ ಕ್ರಮ, ನಮಗೇಕಿಲ್ಲ ಎಂದೂ ಕೆಲವರು ಕೇಳುತ್ತಾರೆ. ಒಂದೇ ಆಸ್ಪತ್ರೆಯಲ್ಲಿ ಕೆಲವರಿಗೆ ಹೊಸ ಕ್ರಮ, ಕೆಲವರಿಗೆ ಹಳೆಯದು ಎಂದರೆ, ಒಬ್ಬ ರೋಗಿಗಾಗಿ ಕಲಿತದ್ದನ್ನು ಮುಂದಿನ ರೋಗಿಯ ಎದುರು ಮರೆಯಿರಿ ಎಂದು ನರ್ಸ್‌ಗೆ ಹೇಳಲಾಗದು. ಆದ್ದರಿಂದ ಹಲವೆಡೆ ಇಡೀ ಆಸ್ಪತ್ರೆಯನ್ನೇ ಚೀಟಿ ಎತ್ತಿದಂತೆ ಒಂದು ಗುಂಪಿಗೆ ಸೇರಿಸುತ್ತಾರೆ. ಹೊಸ ಕ್ರಮ ಸಿಗದವರಿಗೂ ರೂಢಿಯ ಚಿಕಿತ್ಸೆ ಮುಂದುವರಿಯುತ್ತದೆ.

ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೇ ಓದಿಸಿಕೊಳ್ಳಿ. ಬೇಡವೆನ್ನುವ ಹಕ್ಕು, ನಡುವೆ ಹೊರಬರುವ ಹಕ್ಕು ನಿಮ್ಮ ತಂದೆಯವರಿಗಿದೆ, ಅದರಿಂದ ಅವರ ಚಿಕಿತ್ಸೆಗೆ ಕುಂದಾಗಬಾರದು. ಹೆಚ್ಚುವರಿ ರಕ್ತಪರೀಕ್ಷೆಯ ಹಣ ಯಾರದು, ಪ್ರಮಾಣ ಏರಿಸಿದ ಮೇಲೆ ರಾತ್ರಿ ತಲೆ ಸುತ್ತಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ.