ಕ್ಯಾನ್ಸರ್ ಹೆಚ್ಚಾಗಿದೆಯೇ, ಪತ್ತೆ ಹೆಚ್ಚಾಗಿದೆಯೇ?

ಪ್ರಶ್ನೆ: ನಮ್ಮ ಬೀದಿಯೊಂದರಲ್ಲೇ ಈಗ ಮೂರ್ನಾಲ್ಕು ಮನೆಗಳಲ್ಲಿ ಕ್ಯಾನ್ಸರ್ ರೋಗಿಗಳಿದ್ದಾರೆ. ಹಿಂದೆ ಇಷ್ಟೊಂದು ಕೇಳಿರಲಿಲ್ಲ. ಕಾಯಿಲೆಯೇ ಹೆಚ್ಚಾಗಿದೆಯೇ, ಇಲ್ಲ ಪರೀಕ್ಷೆಗಳು ಹೆಚ್ಚಾಗಿ ಹೀಗೆ ಕಾಣುತ್ತಿದೆಯೇ? ದೇಶದ ಲೆಕ್ಕ ಇಡುವವರು ಯಾರು?

ಉತ್ತರ: ರೋಗಿಗಳ ಸಂಖ್ಯೆ ಏರಿರುವುದು ನಿಜ. 2022ರಲ್ಲಿ ಭಾರತದಲ್ಲಿ ಸುಮಾರು 14.6 ಲಕ್ಷ ಹೊಸ ಪ್ರಕರಣಗಳು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜು. ಆದರೆ ಜನಸಂಖ್ಯೆಯೂ ಬೆಳೆದಿದೆ, ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದ ಮೇಲೆ ಬರುವ ಕಾಯಿಲೆ. ಹಿಂದೆ ಬೇಗನೆ ತೀರಿಕೊಳ್ಳುತ್ತಿದ್ದವರು ಈಗ ಚಿಕಿತ್ಸೆ ಪಡೆದು ಓಡಾಡಿಕೊಂಡಿರುವುದರಿಂದಲೂ, ಮುಚ್ಚಿಡುತ್ತಿದ್ದವರು ಬಾಯಿಬಿಟ್ಟು ಹೇಳುತ್ತಿರುವುದರಿಂದಲೂ ಬೀದಿಯಲ್ಲಿ ಹೆಚ್ಚು ಕಾಣುತ್ತದೆ.

ಆದ್ದರಿಂದ ತಜ್ಞರು ನೋಡುವುದು ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ, ಲಕ್ಷ ಜನರಿಗೆ ಎಷ್ಟು ಎಂದು ತೆಗೆದ ದರವನ್ನು. ಅದರಲ್ಲಿ ಎಲ್ಲ ಕ್ಯಾನ್ಸರ್‌ಗಳ ನಡೆಯೂ ಒಂದೇ ಅಲ್ಲ. ಬೆಂಗಳೂರಿನ ಮಹಿಳೆಯರಲ್ಲಿ ಕಳೆದ ಕೆಲವು ದಶಕಗಳಲ್ಲಿ ಸ್ತನ ಕ್ಯಾನ್ಸರ್ ಏರುತ್ತಾ ಬಂದಿದೆ, ಗರ್ಭಕೊರಳಿನ ಕ್ಯಾನ್ಸರ್ ಇಳಿಯುತ್ತಾ ಬಂದಿದೆ. 2012–16ರ ಅಂಕಿಗಳಲ್ಲಿ ಮಿಜೋರಾಂನ ಐಜಾಲ್‌ನ ಗಂಡಸರಲ್ಲಿ ದರ ಲಕ್ಷಕ್ಕೆ 269. ಮಹಾರಾಷ್ಟ್ರದ ಬೀಡ್, ಉಸ್ಮಾನಾಬಾದ್ ಕಡೆ ನಲವತ್ತರ ಆಸುಪಾಸು. ಒಂದೇ ದೇಶವೆಂದು ಹೇಳಿಕೊಳ್ಳುವುದೇ ಕಷ್ಟ!

ಈ ಲೆಕ್ಕದ ಮೂಲ ಕ್ಯಾನ್ಸರ್ ನೋಂದಣಿ ಕೇಂದ್ರಗಳು. ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಶುರುವಾದಾಗ ಬೆಂಗಳೂರು, ಮುಂಬೈ, ಚೆನ್ನೈ ಮೊದಲ ಕೇಂದ್ರಗಳಲ್ಲಿದ್ದವು. ಬೆಂಗಳೂರಿನದು ಕಿದ್ವಾಯಿ ಆಸ್ಪತ್ರೆಯಲ್ಲಿದೆ. ದೇಶದ ಅಂಕಿಗಳನ್ನೆಲ್ಲ ಒಟ್ಟುಗೂಡಿಸುವ ಸಂಸ್ಥೆಯೂ ಬೆಂಗಳೂರಿನಲ್ಲೇ ಇದೆ. ಸಿಬ್ಬಂದಿ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಹೋಗಿ ಕಡತ ತಿರುವುತ್ತಾರೆ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಿ ಎಂದಿರುವವರು ಒಬ್ಬರೇ ಇರಬಹುದು. ವಯಸ್ಸು, ವಿಳಾಸ, ಗಂಡನ ಹೆಸರು ಹೊಂದಿಸಿ ನೋಡದೆ ಇದ್ದರೆ ಒಬ್ಬ ರೋಗಿ ಇಬ್ಬರಾಗುತ್ತಾರೆ. ಮಂಡ್ಯದಿಂದ ಚಿಕಿತ್ಸೆಗೆಂದು ಬಂದವರನ್ನು ಬೆಂಗಳೂರಿನ ಲೆಕ್ಕದಿಂದ ಬಿಡಬೇಕು. ಹೀಗೆ ಜರಡಿ ಹಿಡಿಯುವುದರಿಂದಲೇ ವರದಿ ಕೆಲವು ವರ್ಷ ತಡವಾಗಿ ಬರುತ್ತದೆ. ಇಂಥ ಕೇಂದ್ರಗಳ ವ್ಯಾಪ್ತಿಯಲ್ಲಿರುವುದು ದೇಶದ ಜನರಲ್ಲಿ ಸಣ್ಣ ಪಾಲು ಮಾತ್ರ, ಉಳಿದದ್ದು ಅಂದಾಜು.

ನಿಮ್ಮ ಅನುಮಾನಕ್ಕೆ ಒಳ್ಳೆಯ ಉದಾಹರಣೆ ದಕ್ಷಿಣ ಕೊರಿಯಾದಲ್ಲಿದೆ. ಅಲ್ಲಿ ಕ್ಯಾನ್ಸರ್ ತಪಾಸಣೆಗೆ ಬಂದವರಿಗೆ ಕಡಿಮೆ ಖರ್ಚಿನಲ್ಲಿ ಕತ್ತಿನ ಸ್ಕ್ಯಾನ್ ಕೂಡ ಮಾಡತೊಡಗಿದರು. 1993ರಿಂದ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಹದಿನೈದು ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಿಕ್ಕಿದ್ದರಲ್ಲಿ ಬಹುಪಾಲು, ಎಂದೂ ತೊಂದರೆ ಕೊಡದಂಥ ಚಿಕ್ಕ ಗಂಟುಗಳು. ಆದರೂ ಸಾವಿರಾರು ಜನರ ಕತ್ತಿಗೆ ಕತ್ತರಿ ಬಿತ್ತು. ಪ್ರಕರಣ ಏರಿ ಸಾವು ಏರದಿದ್ದರೆ, ಪತ್ತೆ ಹೆಚ್ಚಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಚಿಕಿತ್ಸೆ ಸುಧಾರಿಸಿದರೂ ಹೀಗಾಗಬಹುದು, ಅದನ್ನು ಮರೆಯುವಂತಿಲ್ಲ.

ಬದುಕುಳಿದವರ ಪ್ರಮಾಣದಲ್ಲೂ ಇಂಥದೇ ಮೋಸವಿದೆ. ಒಬ್ಬರು 62ನೇ ವಯಸ್ಸಿಗೆ ತೀರಿಕೊಳ್ಳುತ್ತಾರೆ ಎನ್ನೋಣ. 59ಕ್ಕೆ ಪತ್ತೆಯಾದರೆ ಮೂರು ವರ್ಷ ಬದುಕಿದರು ಎನ್ನುತ್ತೇವೆ. 56ಕ್ಕೇ ಪತ್ತೆಯಾದರೆ ಅದೇ ಸಾವು, ಆದರೆ ಐದು ವರ್ಷ ಬದುಕುಳಿದವರ ಪಟ್ಟಿಗೆ ಸೇರಿಬಿಡುತ್ತಾರೆ. ಬೇಗ ಪತ್ತೆಯಾದರೆ ಪ್ರಯೋಜನವಿಲ್ಲ ಎಂದಲ್ಲ. ಸ್ತನ, ಬಾಯಿ, ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಖಂಡಿತ ಇದೆ. 2010–14ರ ಅವಧಿಯಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದವರಲ್ಲಿ ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಭಾರತದಲ್ಲಿ ಶೇ. 66ರಷ್ಟು, ಅಮೆರಿಕದಲ್ಲಿ ಶೇ. 90ರಷ್ಟು. ಈ ಅಂತರವನ್ನು ಲೆಕ್ಕದ ಆಟ ಎಂದು ತಳ್ಳಿಹಾಕಲಾಗದು. ನಮ್ಮಲ್ಲಿ ಗಂಟು ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರುವವರು ಈಗಲೂ ಬಹಳ.

ಬದುಕಿದ್ದಾರೆಯೇ ಎಂದು ತಿಳಿಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮರಣ ದಾಖಲೆಯಲ್ಲಿ ಎಷ್ಟೋ ಬಾರಿ 'ಹೃದಯ ಸ್ತಂಭನ' ಎಂದಷ್ಟೇ ಇರುತ್ತದೆ, ಕ್ಯಾನ್ಸರ್‌ನ ಸುಳಿವೇ ಇರುವುದಿಲ್ಲ. ಕಡತದಲ್ಲಿರುವ ಫೋನ್ ನಂಬರ್ ಬದಲಾಗಿರುತ್ತದೆ. ಆಗ ಸಿಬ್ಬಂದಿ ವಿಳಾಸ ಹುಡುಕಿಕೊಂಡು ಮನೆಗೇ ಹೋಗುತ್ತಾರೆ. ಅಂಥವರು ಯಾರಾದರೂ ನಿಮ್ಮ ಬೀದಿಗೆ ಬಂದು ವಿಚಾರಿಸಿದರೆ, ಗುರುತಿನ ಚೀಟಿ ನೋಡಿ, ಆ ಮನೆ ಯಾವುದೆಂದು ತೋರಿಸಿ.